ಕಾಲು ತೆಗೆದರೆ ಬಂದ್ ಆಗುವ ಹಳೇ ಡೀಸೆಲ್ ಪಿಕಪ್

ಮಂಗಳೂರಿನ ಪಂಪ್‌ವೆಲ್ ಸರ್ಕಲ್ ಹತ್ತಿರ ಸ್ಪೀಡ್ ಇಳಿಸಿದ ಕೂಡಲೇ ಇಂಜಿನ್ ಬಂದ್, ಸೆಲ್ಫ್ ಹೊಡೆದರೆ ಮತ್ತೆ ಚಾಲೂ. ಹೀಗಾದರೆ ಇಂಜಿನ್‌ಗೆ ಡೀಸೆಲ್ ಒತ್ತಿ ಕೊಡುವ ಪಂಪ್ ಬಿಚ್ಚಿಸಲು ಅವಸರ ಮಾಡಬೇಡಿ, ಅದು ಕೊನೆಯ ಕೆಲಸ.

ಆಕ್ಸಿಲರೇಟರ್ ಬಿಟ್ಟಾಗ ಗವರ್ನರ್ (ವೇಗಕ್ಕೆ ತಕ್ಕಂತೆ ಡೀಸೆಲ್ ಹೆಚ್ಚು ಕಡಿಮೆ ಮಾಡುವ ಪಂಪಿನ ಭಾಗ) ಡೀಸೆಲ್ ಕಡಿತ ಮಾಡುತ್ತದೆ. ಆರ್‌ಪಿಎಂ ಐಡ್ಲಿಂಗ್‌ಗೆ (ಕಾಲು ಇಡದೆ ಇಂಜಿನ್ ತಿರುಗುವ ವೇಗಕ್ಕೆ) ಇಳಿದಾಗ ಮತ್ತೆ ಕೊಡಬೇಕು. ಆಗ ಲೈನಿನಲ್ಲಿ ಗಾಳಿಯೋ ನೀರೋ ಇದ್ದರೆ ಇಂಜಿನ್ ಚೇತರಿಸಿಕೊಳ್ಳುವುದಿಲ್ಲ.

ಮೊದಲು ಫಿಲ್ಟರಿನ ತಳದ ಡ್ರೈನ್ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ 100 ಎಂಎಲ್ ಹಿಡಿಯಿರಿ. ಸ್ವಲ್ಪ ಹೊತ್ತು ಬಿಟ್ಟರೆ ನೀರು ಕೆಳಗೆ, ಡೀಸೆಲ್ ಮೇಲೆ, ನಡುವೆ ಗೆರೆ ಸ್ಪಷ್ಟ. ನಮ್ಮ ಮಳೆಗಾಲದಲ್ಲಿ ಖಾಲಿ ಜಾಗದ ತೇವ ನೀರಾಗಿ ಡೀಸೆಲ್‌ಗೆ ಸೇರುತ್ತದೆ, ಅರ್ಧ ಖಾಲಿ ಟ್ಯಾಂಕ್ ಇಟ್ಟುಕೊಂಡು ಓಡಿಸಲೇಬಾರದು.

ನೀರಿಲ್ಲವೇ? ಫಿಲ್ಟರಿನಿಂದ ಡೀಸೆಲ್ ಪಂಪಿಗೆ (ರೋಟರಿ ಪಂಪ್) ಹೋಗುವ ಪೈಪಿನ ಬದಲು ಒಂದು ಅಡಿ ಟ್ರಾನ್ಸ್‌ಪರೆಂಟ್ ಪೈಪ್ ಕ್ಲಿಪ್ ಹಾಕಿ ಕೂರಿಸಿ. ರೇಸ್ ಕೊಟ್ಟು ಆಕ್ಸಿಲರೇಟರ್ ಬಿಡಿ. ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಓಡಿದರೆ ಗಾಳಿ ಎಳೆಯುತ್ತಿದೆ ಎಂದರ್ಥ. ಈ ಕಡೆ ಲೈನ್ ಹೀರುವುದರಿಂದ ಹೊರಗೆ ಡೀಸೆಲ್ ಸೋರದೆಯೂ ಲೀಕ್ ಇರುತ್ತದೆ. ಎಷ್ಟೋ ಮಂದಿ ಮೋಸ ಹೋಗುವುದು ಇಲ್ಲೇ. ಬ್ಯಾಂಜೋ ಬೋಲ್ಟಿನ (ಪೈಪ್ ಜೋಡಿಸುವ, ಒಳಗೆ ತೂತಿರುವ ಬೋಲ್ಟ್) ತಾಮ್ರದ ವಾಷರ್, ಪ್ರೈಮರ್ (ಕೈಯಲ್ಲಿ ಒತ್ತಿ ಡೀಸೆಲ್ ತುಂಬಿಸುವ ಪಂಪ್), ಬಿರುಕುಬಿಟ್ಟ ರಬ್ಬರ್ ಪೈಪ್ ನೋಡಿ. ಹಳೇ ವಾಷರ್ ಮತ್ತೆ ಹಾಕಬೇಡಿ.

ಗುಳ್ಳೆ ಇಲ್ಲದಿದ್ದರೆ ಮಾತ್ರ ಐಡ್ಲಿಂಗ್ ಸ್ಕ್ರೂ ಮುಟ್ಟಿ. ಇಂಜಿನ್ ಬಿಸಿಯಾಗಿರಲಿ, ಕಾಲು ಸುತ್ತಿನಂತೆ ತಿರುಗಿಸಿ ಮ್ಯಾನ್ಯುವಲ್‌ನಲ್ಲಿರುವ ಆರ್‌ಪಿಎಂಗೆ ತನ್ನಿ. ಬ್ರೇಕಿನ ಜರ್ಕಿಗೆ ಮಾತ್ರ ಬಂದ್ ಆಗುವುದಾದರೆ ಪಂಪಿನ ಸ್ಟಾಪ್ ಸೊಲೆನಾಯ್ಡ್ (ಡೀಸೆಲ್ ನಿಲ್ಲಿಸುವ ಕರೆಂಟ್ ವಾಲ್ವ್) ವೈರ್ ಅಲ್ಲಾಡಿಸಿ ನೋಡಿ. ಮಲ್ಪೆ ಬಂದರಿನಿಂದ ಮೀನು ಹೊರುವ ಗಾಡಿಗಳಲ್ಲಿ ಉಪ್ಪುನೀರು ಬಿದ್ದು ಆ ಟರ್ಮಿನಲ್ ಹಸಿರುಗಟ್ಟಿರುತ್ತದೆ.