ಹದಿನೇಳು ದಾಟದ ಹಾಡು

ಸ್ವೀಡನ್ನಿನ ಜನ ಬಸ್ ಸ್ಟಾಪಿನಲ್ಲಿ ನಿಲ್ಲುವುದನ್ನು ನೋಡಬೇಕು. ಒಬ್ಬರಿಂದ ಒಬ್ಬರು ಎರಡು ಮಾರು ದೂರ. ಪರಿಚಯ ಇಲ್ಲದವರ ಜೊತೆ ಸುಮ್ನೆ ಮಾತಾಡುವ ಅಭ್ಯಾಸವೇ ಇಲ್ಲ. ಇಂಥವರನ್ನೂ ಒಟ್ಟಿಗೆ ಕುಣಿಸುವ ಹಾಡೊಂದಿದೆ. ಇಲ್ಲಿಯದೇ ಪಾಪ್ ತಂಡ ಅಬ್ಬಾದ ‘ಡಾನ್ಸಿಂಗ್ ಕ್ವೀನ್’.

ಇಲ್ಲಿ ಐವತ್ತನೇ ಹುಟ್ಟುಹಬ್ಬ ಅಂದರೆ ನಮ್ಮ ಆರತಕ್ಷತೆಯಷ್ಟೇ ಗಡದ್ದು. ಸ್ಟಾಕ್‌ಹೋಮಿನಲ್ಲಿ ಸಹೋದ್ಯೋಗಿಯೊಬ್ಬರ ಐವತ್ತಕ್ಕೆ ಹೋಗಿದ್ದೆವು. ಬಾಡಿಗೆ ಹಾಲ್, ಯಾರು ಎಲ್ಲಿ ಕೂರಬೇಕು ಅಂತ ಟೇಬಲ್ ಮೇಲೆ ಹೆಸರಿನ ಚೀಟಿ, ಊಟದ ನಡುವೆ ಭಾಷಣದ ಮೇಲೆ ಭಾಷಣ. ಆಮೇಲೆ ಹೊಸ ಹಾಡುಗಳು ಶುರುವಾದವು. ಎದ್ದವರು ನಾಲ್ಕೈದು ಜನ. ಅಷ್ಟರಲ್ಲಿ ‘ಡಾನ್ಸಿಂಗ್ ಕ್ವೀನ್’ ಶುರುವಿನ, ಪಿಯಾನೋ ಮೇಲೆ ಬೆರಳು ಸರ್ರನೆ ಜಾರಿಸಿದ ಆ ಸದ್ದು ಬಂತು ನೋಡಿ, ಹಾಲ್ ತುಂಬಾ ಕುರ್ಚಿ ಎಳೆಯುವ ಗಲಾಟೆ. ಅಜ್ಜಿಯೊಬ್ಬರು ವ್ಯಾನಿಟಿ ಬ್ಯಾಗನ್ನು ಗಂಡನ ತೊಡೆ ಮೇಲೆ ಹಾಕಿ, ಚಪ್ಪಲಿ ಕಳಚಿ, ಬರಿಗಾಲಲ್ಲೇ ನಡುಮಧ್ಯಕ್ಕೆ ನಡೆದರು.

ಹಾಡು ಶುರುವಾಗುವುದೇ ಪಲ್ಲವಿಯ ಅರ್ಧದಿಂದ. ಕಾಯಿಸುವ ಮಾತೇ ಇಲ್ಲ. ಲಯ ನಿಮಿಷಕ್ಕೆ ಸುಮಾರು 100 ತಾಳ, ಡಿಸ್ಕೋಗೆ ಇದು ನಿಧಾನವೇ. ಮಂಡಿ ನೋವಿನವರೂ ಕುಣಿಯಬಹುದು! ಅಮೆರಿಕದ ಜಾರ್ಜ್ ಮೆಕ್ರೇ 1974ರಲ್ಲಿ ಹಾಡಿದ್ದ ‘ರಾಕ್ ಯುವರ್ ಬೇಬಿ’ಯ ಲಯ ಇದಕ್ಕೆ ಪ್ರೇರಣೆ. 1975ರ ಆಗಸ್ಟಿನಲ್ಲಿ ರೆಕಾರ್ಡಿಂಗ್ ಶುರುವಾದಾಗ ಇದನ್ನು ‘ಬೂಗಲೂ’ ಅಂತ ಕರೆಯುತ್ತಿದ್ದರು. ತಂಡದ ಬೆನ್ನಿ ಆಂಡರ್ಸನ್ ಬರೀ ವಾದ್ಯಗಳ ಟೇಪ್ ಮನೆಗೆ ತಂದು ಕೇಳಿಸಿದಾಗ ತಂಡದ ಗಾಯಕಿ ಫ್ರೀಡಾ ಅತ್ತೇಬಿಟ್ಟರಂತೆ.

ಕುಣಿಯುವ ಹಾಡಿಗೆ ಅಳು ಯಾಕೆ? ನನಗೆ ಅನ್ನಿಸುವುದು ಇಷ್ಟು. ಸಾಹಿತ್ಯದ ತುಂಬಾ ಶುಕ್ರವಾರದ ರಾತ್ರಿ, ಹದಿನೇಳರ ಹುಡುಗಿ, ಖುಷಿ. ಆದರೆ ಹುಡುಗಿ ತಾನೇ ಹಾಡುತ್ತಿಲ್ಲ. ಯಾರೋ ಪಕ್ಕದಲ್ಲಿ ನಿಂತು ಅವಳನ್ನು ನೋಡುತ್ತಾ ಹಾಡುತ್ತಿದ್ದಾರೆ. ರಾಗದಲ್ಲಿ ಆ ನೋಡುವವರ ಸಂಕಟವೂ ಇದೆ. ಹದಿನೇಳರವರಿಗೆ ಇದು ಕುಣಿತ, ಎಪ್ಪತ್ತರವರಿಗೆ ಕುಣಿತವೂ ಹೌದು, ಕಳೆದುಹೋದದ್ದೂ ಹೌದು. ಅದೇ ಇದರ ಗುಟ್ಟು, ಅಲ್ವಾ?

ರಾಜಮರ್ಯಾದೆಗೂ ಕಮ್ಮಿಯಿಲ್ಲ. 1976ರ ಜೂನ್ 18, ರಾಜ ಕಾರ್ಲ್ ಗುಸ್ತಾಫ್ ಮದುವೆಯ ಹಿಂದಿನ ದಿನ. ಸ್ಟಾಕ್‌ಹೋಮಿನ ಒಪೆರಾ ಮಂದಿರದಲ್ಲಿ ಹಳೇ ಕಾಲದ ದರ್ಬಾರಿ ವೇಷ ತೊಟ್ಟು ಅಬ್ಬಾ ಈ ಹಾಡು ಹಾಡಿತು. ರೆಕಾರ್ಡ್ ಬಂದದ್ದು ಆಗಸ್ಟಿನಲ್ಲಿ. 1977ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲೂ ನಂಬರ್ ಒನ್, ಅಬ್ಬಾಗೆ ಅಲ್ಲಿ ಆ ಜಾಗ ಸಿಕ್ಕಿದ್ದು ಅದೊಂದೇ ಸಲ. ಊರಿಂದ ಬಂದವರೆಲ್ಲ ಯೂರ್‌ಗೋರ್ಡನ್ ದ್ವೀಪದ ಅಬ್ಬಾ ಮ್ಯೂಸಿಯಂ ನೋಡಲೇಬೇಕು ಅನ್ನುತ್ತಾರೆ. ನೋಡಲಿ. ಆದರೆ ಜೂನ್ ತಿಂಗಳಲ್ಲಿ ಬಂದರೆ ರಸ್ತೆಯಲ್ಲೇ ನಿಲ್ಲಿ ಅಂತ ನಾನು ಹೇಳುವುದು.

ಇಲ್ಲಿ ನಮ್ಮ ಪಿಯುಸಿ ಇದ್ದ ಹಾಗೆ ಒಂದು ಹಂತ ಮುಗಿದಾಗ ಹುಡುಗರು ಬಿಳಿ ಟೋಪಿ ಹಾಕಿಕೊಂಡು, ಬರ್ಚ್ ಮರದ ಎಲೆ ಕಟ್ಟಿದ ಲಾರಿ ಹತ್ತಿ ಊರೆಲ್ಲ ಮೆರವಣಿಗೆ ಹೊರಡುತ್ತಾರೆ. ನಮ್ಮ ಪಕ್ಕದ ಮನೆ ಹುಡುಗಿಗೆ ಅಬ್ಬಾ ಅಂದರೆ ಅಪ್ಪ ಅಮ್ಮ ಕೇಳುವ ಬೋರು ಸಂಗೀತ. ಅವಳ ಲಾರಿ ನಮ್ಮ ಬೀದಿಗೆ ಬಂದಾಗ ಸ್ಪೀಕರಿನಲ್ಲಿ ಇದೇ ಹಾಡು. ಎಲ್ಲರಿಗಿಂತ ಜಾಸ್ತಿ ಕಿರುಚುತ್ತಿದ್ದವಳು ಅವಳೇ.