ಯಾರೂ ಎಣಿಸದ ಸರ್ವ್‌ಗಳು

ಹೋದ ವರ್ಷ ಸೆಪ್ಟೆಂಬರಿನಲ್ಲಿ, ಹೊರರಾಜ್ಯದ ಒಂದು ಎಂ15 ಟೂರ್ನಿಯಲ್ಲಿ (ಪುರುಷರ ವೃತ್ತಿಪರ ಟೆನಿಸಿನ ತೀರಾ ಕೆಳಗಿನ ಮೆಟ್ಟಿಲು), ನಮ್ಮ ಹುಡುಗ ಬೇಸ್‌ಲೈನ್ ಹಿಂದೆ ನಿಂತು ನನ್ನ ಕಡೆ ತಿರುಗಿ, ತುಟಿ ಆಡಿಸಿ ಒಂದೇ ಮಾತು ಕೇಳಿದ: "ಕ್ರ್ಯಾಂಪ್?" ಬರೀ ಸ್ನಾಯು ಹಿಡಿಕೆಯಾ ಅಂತ. ನಾನು ಹೌದೆಂದು ತಲೆ ಆಡಿಸಿದೆ. ಅದರ ಸಂಕಟ ಇವತ್ತಿಗೂ ಹೋಗಿಲ್ಲ. ಈ ಕೆಲಸ ಮಾಡುವ ಬೇರೆಯವರಿಗಾದರೂ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ನಾನು ಬೆಳಗಾವಿಯ ಒಂದು ಅಕಾಡೆಮಿಯಲ್ಲಿ ಫಿಟ್‌ನೆಸ್, ರಿಹ್ಯಾಬ್ ಎರಡೂ ನೋಡಿಕೊಳ್ಳುತ್ತೇನೆ. ಹುಡುಗ ಮುಧೋಳದ ಕಡೆಯವ. ಅಪ್ಪನದು ಕಬ್ಬಿನ ಹೊಲ. ಫ್ಯಾಕ್ಟರಿಯ ಬಿಲ್ಲು ಬಂದ ತಿಂಗಳು ಟೂರ್ನಿ, ಬರದ ತಿಂಗಳು ಪ್ರಾಕ್ಟೀಸು. 2023ರ ಅಕ್ಟೋಬರಿನಲ್ಲಿ ಧಾರವಾಡದಲ್ಲಿ 25 ಸಾವಿರ ಡಾಲರಿನ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್) ಟೂರ್ನಿ ನಡೆದಾಗ ದಿನಾ ಬಸ್ಸು ಹತ್ತಿ ಹೋಗಿ, ಸಂಜೆಯವರೆಗೆ ಕೂತು ನೋಡಿ, ರಾತ್ರಿ ಬಂದು ಯಾರು ಹೇಗೆ ರಿಟರ್ನ್ ಮಾಡಿದರು ಅಂತ ನನಗೆ ಆಡಿ ತೋರಿಸುತ್ತಿದ್ದ. ಹೋದ ವರ್ಷದ ಹೊತ್ತಿಗೆ ಅವನ ಹೆಸರಿನ ಮುಂದೆ ಮೂರು ಎಟಿಪಿ ಪಾಯಿಂಟ್ (ಪುರುಷರ ವಿಶ್ವ ರ‍್ಯಾಂಕಿಂಗ್ ಲೆಕ್ಕದ ಅಂಕ) ಇದ್ದವು. ಮೂರೇ ಮೂರು. ಅದರಲ್ಲಿ ಒಂದು ಡಿಸೆಂಬರಿಗೆ 52 ವಾರ ತುಂಬಿ ಬಿದ್ದುಹೋಗುವುದಿತ್ತು.

ಎಂ15ರಲ್ಲಿ ಮೇನ್ ಡ್ರಾದ ಮೊದಲ ಸುತ್ತು ಗೆದ್ದರೆ ಒಂದು ಪಾಯಿಂಟ್. ಸೋತರೆ 156 ಡಾಲರ್, ಅದೂ ತೆರಿಗೆ ಕಡಿಯುವ ಮೊದಲು. ಕ್ವಾಲಿಯಲ್ಲೇ, ಅಂದರೆ ಮೇನ್ ಡ್ರಾ ತಲುಪಲು ಆಡುವ ಅರ್ಹತಾ ಸುತ್ತಿನಲ್ಲೇ, ಸೋತರೆ ಕೈಗೆ ಬರುವುದು ಏನೂ ಇಲ್ಲ, ಎಂಟ್ರಿ ಫೀ, ರೈಲು, ರೂಮು ಎಲ್ಲಾ ಮನೆಯದೇ. ಟಿವಿಯಲ್ಲಿ ಟೆನಿಸ್ ನೋಡುವವರಿಗೆ ಈ ಲೆಕ್ಕ ಗೊತ್ತಾಗುವುದಿಲ್ಲ. ನಮಗೆ ಮಾತ್ರ ಪ್ರತಿ ಸೋಮವಾರ ಎದೆ ಮೇಲೆ ಕೂತಿರುತ್ತದೆ.

ಕತೆ ಶುರುವಾಗಿದ್ದು ಜುಲೈನಲ್ಲಿ. ಅವತ್ತು ಒಂಬತ್ತು ಡಬಲ್ ಫಾಲ್ಟ್ (ಎರಡೂ ಸರ್ವ್ ತಪ್ಪಿ ಪಾಯಿಂಟ್ ಕಳೆದುಕೊಳ್ಳುವುದು) ಹೊಡೆದು ಗೆಲ್ಲುವ ಮ್ಯಾಚ್ ಸೋತು ಬಂದಿದ್ದ. ಸೆಕೆಂಡ್ ಸರ್ವ್ ಕೂತುಕೊಳ್ಳುವವರೆಗೆ ಬಾಸ್ಕೆಟ್ (ಬುಟ್ಟಿ ತುಂಬ ಬಾಲ್ ಇಟ್ಟುಕೊಂಡು ಮಾಡುವ ಸರ್ವ್ ಪ್ರಾಕ್ಟೀಸು) ಬಿಡಬಾರದು ಅಂತ ಕೋಚ್ ಹೇಳಿದರು, ನಾನೂ ಒಪ್ಪಿದೆ. ಮುಂದೆ ಆಗಸ್ಟ್ ಬಂತು. ಬೆಳಗಾವಿಯ ಆಗಸ್ಟ್ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಜಿಟಿಜಿಟಿ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಕ್ಲೇ ಕೋರ್ಟ್ ಕೆಸರು. ಹಾರ್ಡ್ ಕೋರ್ಟಿನಲ್ಲಿ ನೀರು ತಳ್ಳಿದರೆ ಒಂದು ತುದಿ ಒಣಗುತ್ತದೆ, ಇನ್ನೊಂದು ತುದಿ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಒಣಗಿದ ತುದಿಯಲ್ಲಿ ರ‍್ಯಾಲಿ ಆಡಲಿಕ್ಕೆ ಬರುವುದಿಲ್ಲ, ಸರ್ವ್ ಮಾಡಲಿಕ್ಕೆ ಬರುತ್ತದೆ. ಹೀಗೆ ದಿನಕ್ಕೆ ಒಂದು ಬಾಸ್ಕೆಟ್ ಇದ್ದದ್ದು ಎರಡಾಯಿತು. ನಮ್ಮ ಬಾಸ್ಕೆಟಿನಲ್ಲಿ 70 ಬಾಲ್. ದಿನಕ್ಕೆ 140 ಸರ್ವ್, ವಾರಕ್ಕೆ ಆರು ದಿನ. ಕೋರ್ಟ್ ಹೊತ್ತು ಕಮ್ಮಿಯಾಯಿತಲ್ಲ ಅಂತ ನಾನು ಹಾಲ್‌ನಲ್ಲಿ ನಾಲ್ಕು ಕೆಜಿ ಮೆಡಿಸಿನ್ ಬಾಲ್ ಓವರ್‌ಹೆಡ್ ಸ್ಲ್ಯಾಮ್ (ತಲೆಯ ಮೇಲಿಂದ ನೆಲಕ್ಕೆ ಅಪ್ಪಳಿಸುವುದು) ಸೇರಿಸಿದೆ, ಮೂರು ಸೆಟ್, ಹನ್ನೆರಡು ಹನ್ನೆರಡು. ಸರ್ವ್ ಮಾಡುವಾಗ ದುಡಿಯುವ ಸ್ನಾಯುಗಳನ್ನೇ ಇಲ್ಲೂ ದುಡಿಸಿದೆ.

ಬಾಸ್ಕೆಟ್ ಲೆಕ್ಕ ಕೋಚ್ ನೋಟ್‌ಬುಕ್ಕಿನಲ್ಲಿ. ಮೆಡಿಸಿನ್ ಬಾಲ್ ಲೆಕ್ಕ ನನ್ನ ಶೀಟಿನಲ್ಲಿ. ಎರಡನ್ನೂ ಕೂಡಿಸಿ ನೋಡಿದವರು ಯಾರೂ ಇಲ್ಲ.

ನಮ್ಮ ಮ್ಯಾನೇಜ್‌ಮೆಂಟ್ ವರ್ಷಕ್ಕೆ ಇಷ್ಟು ಅಂತ ಕಟ್ಟಿ ಒಂದು ಆ್ಯಪ್ ತಂದಿದೆ. ನಿದ್ದೆ, ಹಾರ್ಟ್ ರೇಟ್, ಓಡಿದ ಕಿಲೋಮೀಟರ್, ಆರ್‌ಪಿಇ (ಎಷ್ಟು ಕಷ್ಟ ಅನ್ನಿಸಿತು ಅಂತ ಹುಡುಗರೇ ಕೊಡುವ ಅಂಕ) ಇಂಟು ನಿಮಿಷ. ತಿಂಗಳ ಕೊನೆಗೆ ಹಸಿರು, ಹಳದಿ, ಕೆಂಪು ಡಬ್ಬಿಗಳ ವರದಿ ಪೇರೆಂಟ್ಸ್ ಗ್ರೂಪಿಗೆ ಹೋಗಲೇಬೇಕು. ಗಂಟೆ ಹೊತ್ತು ಸ್ಪ್ರಿಂಟ್ ಮಾಡಿಸಿದರೆ ಹುಡುಗರು 8 ಅಂತಾರೆ, 480 ಆಗುತ್ತದೆ. ನಲವತ್ತು ನಿಮಿಷ ಸರ್ವ್ ಮಾಡಿಸಿದರೆ 3 ಅಂತಾರೆ, 120. ಯಾಕಂದರೆ ಸರ್ವ್ ಮಾಡುವಾಗ ಏದುಸಿರು ಬರುವುದಿಲ್ಲ. ಬೆನ್ನು ಹಿಂದಕ್ಕೆ ಬಾಗಿ, ಸೊಂಟ ತಿರುಗಿ, ಬಲಗೈ ಆಟಗಾರನ ಹೊಟ್ಟೆಯ ಎಡಬದಿ ಪೂರ್ತಿ ಹಿಗ್ಗಿ, ಮರುಕ್ಷಣವೇ ಜೋರಾಗಿ ಬಿಗಿಯುತ್ತದೆ. ಹಾಗೆ 140 ಸಲ. ಅದನ್ನು ಎಣಿಸುವ ಡಬ್ಬಿ ಆ್ಯಪಿನಲ್ಲಿ ಇಲ್ಲ. ಆಗಸ್ಟ್ ಕೊನೆಯ ಎರಡು ವಾರ ಅವನ ಸಾಲು ಹಚ್ಚ ಹಸಿರಾಗಿತ್ತು, "ಲೋಡ್ ಕಡಿಮೆ, ಏರಿಸಬಹುದು" ಅಂತ ಸಲಹೆ ಕೂಡ ಬಂದಿತ್ತು. ನಾನು ಅದನ್ನು ನಂಬಿದೆ.

ಎರಡು ರಾತ್ರಿ ಸ್ಲೀಪರ್ ಕ್ಲಾಸಿನಲ್ಲಿ ಹೋದೆವು. ರಜೆ ಸಂಬಳವಿಲ್ಲದ್ದು, ಅದರ ಬಗ್ಗೆ ಈಗ ಮಾತು ಬೇಡ. ಕ್ವಾಲಿಯ ಮೊದಲ ಮ್ಯಾಚ್ ಸಲೀಸು. ಎರಡನೆಯದು ಮ್ಯಾಚ್ ಟೈಬ್ರೇಕಿನಲ್ಲಿ (ಮೂರನೇ ಸೆಟ್ ಬದಲು ಆಡುವ ಹತ್ತು ಪಾಯಿಂಟಿನ ಆಟ) ಗೆದ್ದ, 10-7. ಅವತ್ತು ರಾತ್ರಿ ರೂಮಿನಲ್ಲಿ ಮನೆಯಿಂದ ತಂದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಉಣ್ಣುತ್ತ ಕೂತಾಗ ಅಂದ:

"ಸರ, ಹೊಟ್ಟಿ ಎಡಕ ಏನೋ ಹಿಡದಂಗ ಆಗಾಕತ್ತೈತ್ರಿ."

"ಎಲ್ಲಿ?"

ಒಂದೇ ಬೆರಳಿಟ್ಟು ತೋರಿಸಿದ. ಹೊಕ್ಕುಳದಿಂದ ಎರಡು ಬೆರಳು ಕೆಳಗೆ, ಎಡಕ್ಕೆ.

ಒಂದೇ ಬೆರಳು. ಹಿಡಿಕೆ ಬಂದವರು ಅಂಗೈ ಪೂರ್ತಿ ಇಟ್ಟು ತೋರಿಸುತ್ತಾರೆ, ಹರಿದವರು ಒಂದೇ ಬೆರಳು ಇಡುತ್ತಾರೆ. ಇದನ್ನು ನಾನೇ ನಮ್ಮ ಜೂನಿಯರ್‌ಗಳಿಗೆ ಹೇಳಿಕೊಟ್ಟಿದ್ದೇನೆ. ಅಂಗಾತ ಮಲಗಿಸಿ, "ಕೈ ಊರದೆ ತಲೆ ಎತ್ತು" ಅಂದಿದ್ದರೆ ಹತ್ತು ಸೆಕೆಂಡಿನಲ್ಲಿ ಅನುಮಾನ ಬಂದುಬಿಡುತ್ತಿತ್ತು. ನಾನು ಆ ಹತ್ತು ಸೆಕೆಂಡು ಕೊಡಲಿಲ್ಲ. ತಂಪಿನ ಊರಿನಿಂದ ಬಿಸಿಲಿಗೆ ಬಂದಿದ್ದೇವೆ, ಅಂಗಿ ಮೇಲೆ ಉಪ್ಪಿನ ಪಟ್ಟೆ ಕಾಣುತ್ತಿದೆ, ರೈಲಿನಲ್ಲಿ ನೀರು ಕಮ್ಮಿ ಕುಡಿದಿದ್ದಾನೆ ಅಂತ ನನ್ನ ತಲೆಯಲ್ಲಿ ಉತ್ತರ ಮೊದಲೇ ಸಿದ್ಧವಾಗಿತ್ತು. "ಕ್ರ್ಯಾಂಪ್ ಅದು, ಓಆರ್‌ಎಸ್ ಕುಡದು ಮಲಗು" ಅಂದೆ. ಇನ್ನೂ ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಬೇರೆ ಏನಾದರೂ ಆಗಿರಬಹುದು ಅನ್ನುವುದನ್ನು ಕೇಳಲು ನನಗೆ ಮನಸ್ಸೇ ಇರಲಿಲ್ಲ. ಮೇನ್ ಡ್ರಾಕ್ಕೆ ಬಂದಿದ್ದೆವು. ಒಂದು ಪಾಯಿಂಟ್ ಒಂದು ಮ್ಯಾಚಿನಷ್ಟು ದೂರದಲ್ಲಿತ್ತು.

ಮೊದಲ ಸೆಟ್ 6-4. ಎರಡನೆಯದರಲ್ಲಿ 5-4, ಅವನದೇ ಸರ್ವ್. ನನ್ನ ಕೈ ಬೆವತು ಬಾಟಲಿ ಜಾರುತ್ತಿತ್ತು. 15-0. 30-0. ಮೂರನೇ ಪಾಯಿಂಟಿಗೆ ಟಾಸ್ ಎತ್ತಿದ, ಹೊಡೆದ, ಬಾಲ್ ನೆಟ್ಟಿನ ಕೆಳಗೆ ಹೋಯಿತು. ರ‍್ಯಾಕೆಟ್ ಕೆಳಗೆ ಬರುವಾಗಲೇ ಎಡಗೈ ಹೊಟ್ಟೆಗೆ ಹೋಗಿತ್ತು. ಸೆಕೆಂಡ್ ಸರ್ವ್ ಸುಮ್ಮನೆ ತಳ್ಳಿದ. 30-15. ನನ್ನ ಕಡೆ ತಿರುಗಿದ, ಕೇಳಿದ. ನಾನು ತಲೆ ಆಡಿಸಿದೆ.

ಅವನು ಅಂಪೈರ್ ಹತ್ತಿರ ಹೋಗಿ ನನ್ನ ಮಾತನ್ನೇ ಹೇಳಿದ: ಕ್ರ್ಯಾಂಪ್. ಅದೊಂದು ಶಬ್ದದಿಂದ ಎಲ್ಲಾ ಬದಲಾಯಿತು. ಪೆಟ್ಟು ಅಂದಿದ್ದರೆ ಆಟ ನಿಲ್ಲುತ್ತಿತ್ತು, ಫಿಸಿಯೋ ಬಂದು ಮುಟ್ಟಿ ನೋಡುತ್ತಿದ್ದರು, ಮೂರು ನಿಮಿಷದ ಎಂಟಿಒ (ಮೆಡಿಕಲ್ ಟೈಮ್‌ಔಟ್) ಸಿಗುತ್ತಿತ್ತು. ಕ್ರ್ಯಾಂಪಿಗೆ ಎಂಟಿಒ ಇಲ್ಲ. ಚೇಂಜ್‌ಓವರ್ (ಬೆಸ ಗೇಮ್ ಮುಗಿದಾಗ ಬದಿ ಬದಲಿಸುವ ಬಿಡುವು) ಬರುವವರೆಗೆ ಆಡಬೇಕು, ಆ 90 ಸೆಕೆಂಡಿನಲ್ಲೇ ಏನಾದರೂ ಮಾಡಿಸಿಕೊಳ್ಳಬೇಕು. ಆಡಿದ. ಆ ಗೇಮ್ ಹೋಯಿತು, 5-5. ಹತ್ತು ಗೇಮಿಗೆ ಚೇಂಜ್‌ಓವರ್ ಇಲ್ಲ, ಇನ್ನೊಂದು ಗೇಮ್ ಆಡಬೇಕು. ಅದೂ ಹೋಯಿತು. 5-6ಕ್ಕೆ ಕುರ್ಚಿಯ ಮೇಲೆ ಕೂತ. ಟೂರ್ನಿಯ ಫಿಸಿಯೋ ಓಡಿ ಬಂದರು. ಆಟಗಾರನೇ ಕ್ರ್ಯಾಂಪ್ ಅಂದ ಮೇಲೆ ಅವರು ಕ್ರ್ಯಾಂಪಿಗೆ ಮಾಡುವುದನ್ನೇ ಮಾಡಿದರು: ನಿಲ್ಲಿಸಿ, ಕೈ ಮೇಲೆತ್ತಿಸಿ, ಹಿಂದಕ್ಕೆ ಬಾಗಿಸಿ ಸ್ಟ್ರೆಚ್. ಹರಿದ ಸ್ನಾಯುವನ್ನು ಎಳೆದಂತಾಯಿತು. ಅವನು ಹಲ್ಲು ಕಚ್ಚಿದ್ದು ನನಗೆ ಕಾಣಿಸಿತು. ಆಗಲಾದರೂ ಎದ್ದು ನಿಂತು ಕೂಗಬೇಕಿತ್ತು. ನೀರು ಸಾಲದೇನೋ ಅಂದುಕೊಂಡು ಕೂತೇ ಇದ್ದೆ.

5-7. ಸೆಟ್ ಬ್ರೇಕಿನಲ್ಲಿ ಮತ್ತೆ ಅದೇ ಸ್ಟ್ರೆಚ್. ಮೂರನೇ ಸೆಟ್ 0-1ರಲ್ಲಿ ಸರ್ವ್ ಮಾಡಲು ಕೈ ಎತ್ತಿದವನಿಗೆ ಭುಜದ ಮಟ್ಟಕ್ಕಿಂತ ಮೇಲೆ ಎತ್ತಲು ಆಗಲಿಲ್ಲ. ಬಾಲನ್ನು ಕಿಸೆಗೆ ಹಾಕಿಕೊಂಡು ನೆಟ್ಟಿನ ಕಡೆ ನಡೆದ. ಎದುರಾಳಿ ಹುಡುಗನೂ ಪಾಪ ಗಾಬರಿಯಾಗಿ ಇವನ ಬ್ಯಾಗ್ ಎತ್ತಿಕೊಟ್ಟ.

ಊರಿಗೆ ಬಂದು ಸ್ಕ್ಯಾನ್ ಮಾಡಿಸಿದರೆ ಎಡ ರೆಕ್ಟಸ್ (ಹೊಟ್ಟೆಯ ಮುಂಭಾಗದ ಸ್ನಾಯು), ಗ್ರೇಡ್ ಎರಡು, ಅಂದರೆ ಸ್ನಾಯು ಭಾಗಶಃ ಹರಿದಿತ್ತು. ರಿಪೋರ್ಟ್ ಓದುವಾಗ ಹುಡುಗ ಅಂದ: "ನಡಾಲ್‌ಗೂ ಇದ ಆಗಿತ್ತಲ್ರಿ ಸರ, ಆಡಿ ಗೆದ್ದನಲ್ಲ." ಹೌದು, 2022ರ ವಿಂಬಲ್ಡನ್ ಕ್ವಾರ್ಟರ್ ಫೈನಲಿನಲ್ಲಿ ಹೊಟ್ಟೆ ನೋವಿನೊಂದಿಗೇ ಟೇಲರ್ ಫ್ರಿಟ್ಜ್ ವಿರುದ್ಧ ಐದು ಸೆಟ್ ಆಡಿ ಗೆದ್ದರು. ಎರಡು ದಿನದ ನಂತರದ ಸೆಮಿಫೈನಲ್ ಆಡದೆ ಹಿಂದೆ ಸರಿದರು ಅನ್ನುವುದನ್ನು ನೆನಪಿಸಿದೆ. ಅವರಿಗೆ ಅಂಥ ತೀರ್ಮಾನ ತೆಗೆದುಕೊಳ್ಳುವ ಮೊದಲು ಏನು ಹರಿದಿದೆ ಅಂತ ಹೇಳುವವರು ಪಕ್ಕದಲ್ಲಿದ್ದರು. ನಮ್ಮ ಹುಡುಗನ ಪಕ್ಕದಲ್ಲಿ ನಾನಿದ್ದೆ.

ಅವನ ಅಪ್ಪನಿಗೆ ಫೋನಿನಲ್ಲಿ ಹೇಳುವ ಬದಲು ಹೊಲಕ್ಕೇ ಹೋದೆ. ತಪ್ಪು ನನ್ನದು ಅಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎತ್ತಿಗೆ ನೋವಾದ್ರ ಬಾಯಿಲೆ ಹೇಳೂದಿಲ್ರಿ, ಮೈಮ್ಯಾಲ ಕೈ ಆಡಿಸಿ ನೋಡಬೇಕಾಗತೈತಿ. ನನ್ನ ಮಗ ಬಾಯಿಲೆ ಹೇಳಿದ್ನಲ್ರಿ" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೂರು ವಾರ ಸರ್ವ್ ಬಂದ್. ಐಸೊಮೆಟ್ರಿಕ್, ಡೆಡ್ ಬಗ್, ಆಮೇಲೆ ನಿಧಾನವಾಗಿ ಎಕ್ಸೆಂಟ್ರಿಕ್ ವ್ಯಾಯಾಮ. ನಾಲ್ಕನೇ ವಾರ ದಿನ ಬಿಟ್ಟು ದಿನ ಅರ್ಧ ವೇಗದ 20 ಸರ್ವ್. ಎಂಟನೇ ವಾರಕ್ಕೆ ಪೂರ್ತಿ ವೇಗದಲ್ಲಿ ಸರ್ವ್ ಮಾಡಲು ಬಿಟ್ಟೆ. ಅಷ್ಟರಲ್ಲಿ ಸೀಸನ್ ಮುಗಿಯಿತು, ಡಿಸೆಂಬರಿನ ಪಾಯಿಂಟ್ ಬಿದ್ದುಹೋಯಿತು. ಪ್ರೊಟೆಕ್ಟೆಡ್ ರ‍್ಯಾಂಕಿಂಗ್ (ಗಾಯವಾದವನಿಗೆ ಹಳೆಯ ರ‍್ಯಾಂಕಿನಲ್ಲೇ ಟೂರ್ನಿಗೆ ಸೇರುವ ಅವಕಾಶ) ಕೇಳಬೇಕಂದರೆ ಕನಿಷ್ಠ ಆರು ತಿಂಗಳು ಆಟದಿಂದ ಹೊರಗಿರಬೇಕು. ಎಂಟು ವಾರದ ಗಾಯಕ್ಕೆ ಯಾವ ರಕ್ಷಣೆಯೂ ಇಲ್ಲ. ತಳದಲ್ಲಿ ಆಡುವವರನ್ನು ಉರುಳಿಸುವುದು ಹೆಚ್ಚಾಗಿ ಇಂಥ ಎಂಟು ವಾರಗಳೇ ಅನ್ನುವುದು ನನ್ನ ಅನುಭವ.

ಈಗ ಕೋರ್ಟಿನ ಬೆಂಚಿನ ಮೇಲೆ ಒಂದೇ ನೋಟ್‌ಬುಕ್ ಇರುತ್ತದೆ, ಕೋಚ್ ಬರೆಯುವುದೂ ಅದರಲ್ಲೇ, ನಾನು ಬರೆಯುವುದೂ ಅದರಲ್ಲೇ. ಪ್ರತಿ ಸರ್ವ್ ಎಣಿಸುತ್ತೇವೆ, ಮ್ಯಾಚಿನದೂ ಸೇರಿ. ಓವರ್‌ಹೆಡ್ ಸ್ಲ್ಯಾಮನ್ನೂ ಸರ್ವ್ ಲೆಕ್ಕಕ್ಕೇ ಹಾಕುತ್ತೇವೆ. ಒಂದು ವಾರದ ಮೊತ್ತ ಹಿಂದಿನ ವಾರಕ್ಕಿಂತ ಬಹಳ ಜಿಗಿದರೆ ಬಾಸ್ಕೆಟ್ ಗೋದಾಮಿಗೆ, ಕೋಚ್ ಎಷ್ಟೇ ಮುಖ ಸಿಂಡರಿಸಲಿ. ಹುಡುಗರು ನೋವು ಅಂದರೆ ಕಾರಣ ಊಹಿಸುವ ಮೊದಲು ಮಲಗಿಸಿ ಮುಟ್ಟಿ ನೋಡುತ್ತೇನೆ, ರಾತ್ರಿ ಎಷ್ಟೇ ಹೊತ್ತಾಗಿರಲಿ. ಆ್ಯಪಿನಲ್ಲಿ ಸರ್ವ್‌ಗೆ ಒಂದು ಕಾಲಂ ಹಾಕಿಸಿಕೊಡಿ ಅಂತ ಮ್ಯಾನೇಜ್‌ಮೆಂಟಿಗೆ ಮೂರು ಸಲ ಬರೆದೆ. ಮುಂದಿನ ರಿನ್ಯೂವಲ್ ಹೊತ್ತಿಗೆ ನೋಡೋಣ ಅಂದಿದ್ದಾರೆ. ಬಣ್ಣದ ವರದಿ ಈಗಲೂ ತಿಂಗಳಿಗೊಮ್ಮೆ ಹೋಗುತ್ತದೆ.

ಫೆಬ್ರವರಿಯಲ್ಲಿ ಕಬ್ಬಿನ ಬಿಲ್ಲು ಅರ್ಧ ಬಂತು. ಒಬ್ಬನೇ ಹೋದ, ಇಬ್ಬರ ಖರ್ಚಿಗೆ ಸಾಲಲಿಲ್ಲ. ಕ್ವಾಲಿಯ ಎರಡನೇ ಸುತ್ತಿನಲ್ಲಿ ಮ್ಯಾಚ್ ಟೈಬ್ರೇಕ್ 8-10ರಲ್ಲಿ ಸೋತ. ಫೋನ್ ಮಾಡಿದಾಗ ಸ್ಕೋರಿಗಿಂತ ಮೊದಲು ಹೇಳಿದ್ದು, "ಸರ, ಇವತ್ತ 74. ಎಡಕ ಏನೂ ಇಲ್ರಿ." ಮಲಗಿ ತಲೆ ಎತ್ತಿ ನೋಡಿದೆಯಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಫೋನಿನಲ್ಲಿ ಮಂಚ ಕಿರುಗುಟ್ಟುವ ಸದ್ದಷ್ಟೇ ಕೇಳಿಸಿತು.

"ಈಗ ನೋಡಿದೆ. ಇಲ್ರಿ."

74 ಅಂತ ಬರೆದುಕೊಂಡೆ.