ಕತ್ತಲೆ ತೋಟಕ್ಕೆ ಇಳಿಯುವವರಿಗೆ ಎಂಥ ಟಾರ್ಚ್ ಬೇಕು

ನಮ್ಮ ಪಂಪ್ ಶೆಡ್ ಮನೆಯಿಂದ ಮುನ್ನೂರು ಹೆಜ್ಜೆ. ತೋಟ ಇಳಿದು, ಕಾಲುಸಂಕ ದಾಟಿದರೆ ಹಳ್ಳದ ದಂಡೆಯಲ್ಲಿ ಸಿಗುತ್ತದೆ. ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಕರೆಂಟ್ ಅಂತ ಲೆಕ್ಕ, ಅದರಲ್ಲಿ ಒಂದು ಪಾಲು ಬರುವುದು ರಾತ್ರಿಯೇ. ಹೋದ ವರ್ಷ ಮಾರ್ಚಿನಲ್ಲಿ ಒಂದು ದಿನ ರಾತ್ರಿ ಹನ್ನೊಂದೂವರೆಗೆ ಬಂತು. ಅಡಿಕೆಗೆ ಸ್ಪ್ರಿಂಕ್ಲರ್ ಬಿಡಬೇಕಿತ್ತು, ಗೂಟದಲ್ಲಿ ನೇತಾಡುತ್ತಿದ್ದ ಟಾರ್ಚ್ ತಗೊಂಡು ಹೊರಟೆ.

ಶೆಡ್ಡಿನ ಬಾಗಿಲಲ್ಲಿ ಒಣಗಿದ ಅಡಿಕೆ ಹಾಳೆ, ಸೋಗೆ, ಹರಿದ ಗೊಬ್ಬರದ ಚೀಲ ಎಲ್ಲ ಬಿದ್ದುಕೊಂಡಿದ್ದವು. ನನ್ನ ಟಾರ್ಚಿನ ನೀಲಿ ಬಿಳಿ ಬೆಳಕಲ್ಲಿ ಎಲ್ಲವೂ ಒಂದೇ ಬೂದು ಬಣ್ಣ. ಸ್ಟಾರ್ಟರ್ ಕಡೆ ಒಂದು ಕಾಲು ಎತ್ತಿದ್ದೆ, ಅಷ್ಟರಲ್ಲಿ ಕುಕ್ಕರ್ ಆವಿ ಬಿಟ್ಟ ಹಾಗೆ ಸದ್ದು. ಉದ್ದಕ್ಕೆ, ಬಿಡದೆ. ಬೆಳಕು ಆ ಕಡೆ ಬಿಟ್ಟೆ, ಏನೂ ಕಾಣಲಿಲ್ಲ. ಹಾಳೆ ಕಂಡಿತು, ಅಷ್ಟೇ. ಪಕ್ಕದ ಮನೆಯ ಅಣ್ಣ ಅವರ ಮೋಟರ್ ಹಾಕಲು ಅದೇ ಹೊತ್ತಿಗೆ ಬಂದಿದ್ದರು. "ಅಲ್ಲೇ ನಿಲ್ಲು ಮಾರಾಯಾ, ಅಲ್ಲಾಡಬೇಡ" ಅಂತ ತಮ್ಮ ಟಾರ್ಚ್ ಬಿಟ್ಟರು. ಅವರದು ಅಂಗೈ ಉದ್ದದ ಲೋಹದ ಟಾರ್ಚ್, ಬೆಳಕು ಸ್ವಲ್ಪ ಹಳದಿ. ಅದೇ ಹಾಳೆ, ಅದೇ ಜಾಗ, ಆದರೆ ಈಗ ಬೆನ್ನ ಮೇಲಿನ ಕಂದು ಸರಪಳಿ, ಒಂದೊಂದು ಕೊಂಡಿಯ ಕಪ್ಪು ಅಂಚು, ಎಲ್ಲ ಸ್ಪಷ್ಟ. ಕೊಳಕುಮಂಡಲ ಹಾವು. ನನ್ನ ಕಾಲಿಂದ ಎರಡು ಅಡಿಯೂ ಇರಲಿಲ್ಲ. ನಾವಿಬ್ಬರೂ ಹಿಂದೆ ಸರಿದು ನಿಂತೆವು, ಸ್ವಲ್ಪ ಹೊತ್ತಿಗೆ ಅದು ತನ್ನಷ್ಟಕ್ಕೆ ಹಳ್ಳದ ಕಡೆ ಹೋಯಿತು.

ಆ ರಾತ್ರಿ ನನ್ನ ಕೈಯಲ್ಲಿದ್ದ ಟಾರ್ಚ್ ಅವರದಕ್ಕಿಂತ ಮಂಕಾಗಿರಲಿಲ್ಲ. ನಿಜ ಹೇಳಬೇಕಂದ್ರೆ ಅದೇ ಜಾಸ್ತಿ ಪ್ರಕಾಶ. ಹಾಗಾಗಿ ಟಾರ್ಚ್ ಕೊಳ್ಳುವವರಿಗೆ ನಾನು ಮೊದಲು ಹೇಳುವುದು ಬೆಳಕಿನ ಬಣ್ಣದ ವಿಷಯ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಬಿಳಿ ಎಲ್‌ಇಡಿ ಅಂದರೆ ಒಳಗೆ ಇರುವುದು ನೀಲಿ ಎಲ್‌ಇಡಿ. ಅದರ ಮೇಲೆ ಹಳದಿ ಬಣ್ಣದ ಫಾಸ್ಫರ್ ಲೇಪನ ಇರುತ್ತದೆ, ಎರಡೂ ಸೇರಿ ಕಣ್ಣಿಗೆ ಬಿಳಿ ಅನಿಸುತ್ತದೆ. ಅಗ್ಗದ ಟಾರ್ಚಿನಲ್ಲಿ ನೀಲಿ ಜಾಸ್ತಿ, ಕೆಂಪು ತೀರಾ ಕಡಿಮೆ. ಕೆಂಪು ಇಲ್ಲದಿದ್ದರೆ ಕಂದು, ಮಣ್ಣು, ಒಣಗಿದ ಎಲೆ, ಹಾವಿನ ಮೈ ಎಲ್ಲ ಒಂದರಲ್ಲೊಂದು ಕಲಸಿಹೋಗುತ್ತವೆ. ನಮಗೆ ರಾತ್ರಿ ಬೇರೆ ಬೇರೆಯಾಗಿ ಕಾಣಬೇಕಾದ್ದು ಇವೇ ಅಲ್ವಾ? ಟಾರ್ಚಿನ ವಿವರದಲ್ಲಿ 6500 ಕೆಲ್ವಿನ್ ಅಂತಿದ್ದರೆ ಅದು ನೀಲಿ ಕಡೆಯ ಬೆಳಕು. 4000ದಿಂದ 5000 ಕೆಲ್ವಿನ್ ಇರುವುದನ್ನು ಹುಡುಕಿ. ಅದರ ಜೊತೆ ಸಿಆರ್‌ಐ ಅಂತ ಇನ್ನೊಂದು ಅಂಕಿ ಇರುತ್ತದೆ, ಬಣ್ಣಗಳು ಎಷ್ಟು ಸರಿಯಾಗಿ ಕಾಣುತ್ತವೆ ಅನ್ನುವುದಕ್ಕೆ. ಸಾಮಾನ್ಯ ಟಾರ್ಚಿನಲ್ಲಿ ಅದು 70ರ ಆಸುಪಾಸು, 90ರ ಮೇಲಿದ್ದರೆ ಒಳ್ಳೆಯದು. ಇಂಥ ಎಲ್‌ಇಡಿಯಲ್ಲಿ ಒಟ್ಟು ಬೆಳಕು ಸ್ವಲ್ಪ ಕಡಿಮೆ ಬರುತ್ತದೆ. ಬರಲಿ, ಹಾವು ಕಾಣುತ್ತಲ್ಲ.

ಇನ್ನು ದೂರದ ವಿಷಯ. ನಮ್ಮ ಪೇಟೆಯಲ್ಲಿ ದೊಡ್ಡ ಟಾರ್ಚಿಗೆ ಈಗಲೂ ಶಿಕಾರಿ ಲೈಟ್ ಅಂತಾರೆ. ಅಜ್ಜನ ಕಾಲದ ಐದು ಸೆಲ್ಲಿನ ಬ್ಯಾಟ್ರಿಯಿಂದ ಬಂದ ಹೆಸರು. ಶಿಕಾರಿ ಅನ್ನುವುದು 1972ರ ವನ್ಯಜೀವಿ ಕಾಯ್ದೆಯಿಂದ ಬಿಗಿಯಾಯಿತು, 1991ರ ತಿದ್ದುಪಡಿಯಲ್ಲಿ ಬೇಟೆಯ ಲೈಸೆನ್ಸ್ ಅನ್ನುವುದೇ ಹೋಯಿತು. ಹೋಗಿದ್ದೇ ಒಳ್ಳೆಯದು ಅಂತ ನನ್ನ ಖಂಡಿತ ಅಭಿಪ್ರಾಯ, ಗದ್ದೆಗೆ ಹಂದಿ ನುಗ್ಗಿದಾಗ ಎಷ್ಟೇ ಹೊಟ್ಟೆ ಉರಿದರೂ. ಆದರೆ ಟಾರ್ಚಿನ ಬಗ್ಗೆ ಓದಲು ವಿಡಿಯೋ ನೋಡಲು ಕೂತರೆ ಸಿಗುವುದರಲ್ಲಿ ಅರ್ಧ ಹೊರದೇಶದ ಬೇಟೆಗಾರರಿಗೆ ಅಂತ ಮಾಡಿದ್ದು. ಅಮೆರಿಕದ ಟೆಕ್ಸಾಸ್‌ನಲ್ಲಿ ರಾತ್ರಿ ಹಂದಿ ಬೇಟೆಗೆ ಕಾನೂನಿನ ಒಪ್ಪಿಗೆ ಇದೆ. ಅವರು ಬಂದೂಕಿನ ಮೇಲೆ ಕಟ್ಟುವ, ಕೆಂಪು ಹಸಿರು ಬೆಳಕಿನ, ಸೂಜಿಯಂಥ ಕಿರಿದಾದ ಬೆಳಕಿನ ಟಾರ್ಚ್ ಹೊಗಳುತ್ತಾರೆ. ಅವರ ಕೆಲಸಕ್ಕೆ ಅದು ಸರಿ. ಅಡಿಕೆ ತೋಟದಲ್ಲಿ ಅದನ್ನು ಹಿಡಿದರೆ ಮುಂದಿನ ಮರದ ಕಾಂಡಕ್ಕೆ ಬೆಳಕು ಬಡಿದು ವಾಪಸ್ ಕಣ್ಣಿಗೇ ಹೊಡೆಯುತ್ತದೆ, ಕಾಲಬುಡದ ಬಸಿಗಾಲುವೆ ಕಾಣುವುದೇ ಇಲ್ಲ.

ಮತ್ತೆ ಆ "ಎರಡು ಕಿಲೋಮೀಟರ್ ಹೋಗುತ್ತೆ ಸಾರ್" ಅನ್ನುವ ಮಾತು. ಇದಕ್ಕೊಂದು ಅಳತೆ ಇದೆ. ಎಎನ್‌ಎಸ್‌ಐ ಎಫ್‌ಎಲ್ 1 ಅನ್ನುವ ಮಾನದಂಡದಲ್ಲಿ, ಬೆಳಕು 0.25 ಲಕ್ಸ್‌ಗೆ ಇಳಿಯುವ ಜಾಗವನ್ನೇ ಆ ಟಾರ್ಚಿನ ದೂರ ಅಂತ ಬರೆಯುತ್ತಾರೆ. 0.25 ಲಕ್ಸ್ ಅಂದರೆ ಹೆಚ್ಚುಕಡಿಮೆ ಹುಣ್ಣಿಮೆ ಬೆಳದಿಂಗಳು. ಅಷ್ಟರಲ್ಲಿ ಅಲ್ಲಿ ಏನೋ ನಿಂತಿದೆ ಅನ್ನಬಹುದು, ಹಸುವೋ ಹಂದಿಯೋ ಹೇಳಲಾಗದು. ಹಾಗಾಗಿ ಬರೆದ ದೂರದಲ್ಲಿ ಅರ್ಧ ಮಾತ್ರ ನಮ್ಮದು ಅಂದುಕೊಳ್ಳಿ. ಲೆಕ್ಕ ಸುಲಭ: ಬೆಳಕು ನೇರ ಮುಂದಕ್ಕೆ ಎಷ್ಟು ತೀವ್ರ ಅನ್ನುವುದಕ್ಕೆ ಕ್ಯಾಂಡೆಲಾ ಅಂತ ಕೊಟ್ಟಿರುವ ಅಂಕಿಯ ವರ್ಗಮೂಲ ತೆಗೆದು ಎರಡರಿಂದ ಗುಣಿಸಿ. 10,000 ಕ್ಯಾಂಡೆಲಾ ಇದ್ದರೆ 200 ಮೀಟರ್. ಎರಡು ಕಿಲೋಮೀಟರಿಗೆ 10 ಲಕ್ಷ ಕ್ಯಾಂಡೆಲಾ ಬೇಕು, ಆರುನೂರು ರೂಪಾಯಿಯ ಪ್ಲಾಸ್ಟಿಕ್ ಟಾರ್ಚಿನಿಂದ ಅದು ಬರುವ ಮಾತಲ್ಲ. ನಮ್ಮ ಕಡೆಯ ಗದ್ದೆಗೆ 200, 250 ಮೀಟರ್ ಅಂತ ಬರೆದಿದ್ದರೆ ಧಾರಾಳ.

ಗದ್ದೆ ಕಾಯುವವರಿಗೆ ಇನ್ನೊಂದು ಮಾತು. ಮಾಳದಲ್ಲಿ ಕೂತು ಟಾರ್ಚ್ ಬಿಟ್ಟರೆ ದನ, ನಾಯಿ, ಕಡವೆ, ಚಿರತೆ ಎಲ್ಲದರ ಕಣ್ಣೂ ಹೊಳೆಯುತ್ತವೆ, ಕಣ್ಣಿನ ಹಿಂದೆ ಬೆಳಕನ್ನು ವಾಪಸ್ ಕಳಿಸುವ ಪದರ ಇರುವುದರಿಂದ. ಹಂದಿಗೆ ಆ ಪದರ ಇಲ್ಲ. ಕಣ್ಣು ಹೊಳೆಯಲಿಲ್ಲ, ಏನೂ ಬಂದಿಲ್ಲ ಅಂತ ಮಲಗಿದರೆ ಬೆಳಗ್ಗೆ ಪೈರು ಮಲಗಿರುತ್ತದೆ. ಹಂದಿಯ ಮೈಯೇ ಕಾಣಬೇಕು, ಕತ್ತಲಲ್ಲಿ ಕಪ್ಪು ಮೈ. ಅದಕ್ಕೇ ನನಗೆ ಕಿರಿದಾದ ಬೆಳಕಿಗಿಂತ ನಡುವೆ ಗಟ್ಟಿ, ಸುತ್ತಲೂ ಹರಡಿದ ಬೆಳಕು ಇಷ್ಟ. ಗದ್ದೆಯ ಅಂಚಿನ ಹಕ್ಲು ಪೂರ್ತಿ ಒಂದೇ ಸಲಕ್ಕೆ ಕಾಣುತ್ತದೆ.

ಸಕಲೇಶಪುರದ ಕಡೆ ಭಾವನ ಕಾಫಿ ತೋಟ ಇದೆ, ಅಲ್ಲಿ ಸಮಸ್ಯೆ ಆನೆ. ಅವರಿಗೆ ಮಾತ್ರ ದೂರ ಹೋಗುವ ಟಾರ್ಚೇ ಬೇಕು. ಆನೆಯನ್ನು ಓಡಿಸುವುದಕ್ಕಲ್ಲ, ತಿರುವಿನಾಚೆ ನಿಂತಿದ್ದು ದೂರದಿಂದಲೇ ಕಂಡರೆ ಸುಮ್ನೆ ಹಿಂದಕ್ಕೆ ಬರಬಹುದು.

ಈಗ ಸೆಲ್ಲಿನ ವಿಷಯ. ಇದರಲ್ಲಿ ನಾನು ಹೆಚ್ಚು ದುಡ್ಡು ಕಳೆದಿದ್ದೇನೆ. ಹಿಂದೆ ನಮ್ಮನೆಯಲ್ಲಿ ಇದ್ದದ್ದೆಲ್ಲ ಹಿಂದಿನಿಂದ ಎರಡು ಪಿನ್ ಎಳೆದು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಟಾರ್ಚುಗಳು. ಒಳಗೆ ಲೆಡ್ ಆಸಿಡ್ ಬ್ಯಾಟರಿ. ಅದನ್ನು ಖಾಲಿಯಾಗಿ ಬಿಟ್ಟರೆ ಕೆಡುತ್ತದೆ, ನಮ್ಮಲ್ಲಿ ಮಳೆಗಾಲದಲ್ಲಿ ಮರ ಬಿದ್ದು ನಾಲ್ಕು ದಿನ ಕರೆಂಟ್ ಇಲ್ಲದೆ ಅದು ಖಾಲಿಯಾಗಿಯೇ ಬಿದ್ದಿರುತ್ತದೆ. ವರ್ಷಕ್ಕೊಂದರಂತೆ ನಾಲ್ಕು ಟಾರ್ಚ್ ಎಸೆದೆವು. ಬಿಚ್ಚಿ ಬೇರೆ ಬ್ಯಾಟರಿ ಹಾಕೋಣ ಅಂದರೆ ಬಿಚ್ಚಲೂ ಆಗದ ಹಾಗೆ ಅಂಟಿಸಿರುತ್ತಾರೆ.

ಆದ್ದರಿಂದ ನನ್ನ ಮಟ್ಟಿಗೆ ಇದು ಕಟ್ಟುನಿಟ್ಟು: ಸೆಲ್ ಹೊರಗೆ ತೆಗೆಯಲು ಬರಬೇಕು, ಮತ್ತು ಅದು ಎಲ್ಲ ಕಡೆ ಸಿಗುವ ಅಳತೆಯದ್ದಾಗಿರಬೇಕು. 18650 ಅನ್ನುವ ಲಿಥಿಯಂ ಸೆಲ್ ಇದಕ್ಕೆ ಸರಿ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಅದೇ ಅದರ ಹೆಸರು. ಇನ್ನೂ ದೊಡ್ಡದು ಬೇಕಾದರೆ 21700. ಒಳ್ಳೆಯ 18650ಯಲ್ಲಿ ಹಿಡಿಯುವ ಚಾರ್ಜ್ ಹೆಚ್ಚೆಂದರೆ 3500 ಎಂಎಎಚ್ ಆಸುಪಾಸು. ಮೇಲೆ 9900 ಅಂತ ಬರೆದಿದ್ದರೆ ಸುಳ್ಳು, ಮುಟ್ಟಬೇಡಿ. ಒಂದು ಅಗ್ಗದ ಟಾರ್ಚಿನ ಜೊತೆ ಬಂದ ಅಂಥದ್ದೊಂದು ಸೆಲ್ಲನ್ನು ನಾನು ತೂಕಕ್ಕೆ ಹಾಕಿದೆ, 29 ಗ್ರಾಂ ಬಂತು. ಅಸಲಿ ಸೆಲ್ 45 ಗ್ರಾಂ ಮೇಲೆಯೇ ತೂಗುತ್ತದೆ. ಇದು ಬರೀ ದುಡ್ಡಿನ ಮಾತಲ್ಲ, ಕಳಪೆ ಲಿಥಿಯಂ ಸೆಲ್ ಚಾರ್ಜ್ ಮಾಡುವಾಗ ಬೆಂಕಿ ಹತ್ತಬಹುದು, ನಮ್ಮ ಅಟ್ಟದ ತುಂಬ ಒಣ ಅಡಿಕೆ ಇರುತ್ತದೆ. ಸ್ಯಾಮ್‌ಸಂಗ್, ಎಲ್‌ಜಿ, ಪ್ಯಾನಸೋನಿಕ್ ಸೆಲ್ಲುಗಳು ನಂಬುವಂಥವು, ನಂಬಿಕೆಯ ಅಂಗಡಿಯಿಂದ ತಗೊಂಡರೆ.

ಸೆಲ್ಲಿನ ಲೆಕ್ಕ ಗೊತ್ತಿದ್ದರೆ ಟಾರ್ಚ್ ಕಂಪನಿಯವರ ಸುಳ್ಳೂ ಗೊತ್ತಾಗುತ್ತದೆ. 3500 ಎಂಎಎಚ್, ಅಂದರೆ 3.5 ಆಂಪಿಯರ್ ಅವರ್, ಅದನ್ನು 3.6 ವೋಲ್ಟಿಗೆ ಗುಣಿಸಿದರೆ 12.6 ವ್ಯಾಟ್ ಅವರ್. ಒಂದು ವ್ಯಾಟಿಗೆ ಸುಮಾರು 100 ಲ್ಯೂಮೆನ್ ಬೆಳಕು ಅಂತ ಹಿಡಿಯಿರಿ (ಲ್ಯೂಮೆನ್ ಅಂದರೆ ಟಾರ್ಚ್ ಕೊಡುವ ಒಟ್ಟು ಬೆಳಕಿನ ಅಳತೆ). ಅಂದರೆ 100 ಲ್ಯೂಮೆನ್ನಿನಲ್ಲಿ ಹನ್ನೆರಡು ಗಂಟೆ ಉರಿಯಬಹುದು, 1000 ಲ್ಯೂಮೆನ್ನಿನಲ್ಲಿ ಒಂದು ಗಂಟೆ ಚಿಲ್ಲರೆ. ಒಂದೇ ಸೆಲ್ಲಿನಲ್ಲಿ 1000 ಲ್ಯೂಮೆನ್, ಹತ್ತು ಗಂಟೆ ಅಂತ ಬರೆದಿದ್ದರೆ ಎರಡರಲ್ಲಿ ಒಂದು ಸುಳ್ಳು. ಅಥವಾ ಶುರುವಿಗೆ ಒಂದೆರಡು ನಿಮಿಷ 1000 ಕೊಟ್ಟು, ಟಾರ್ಚ್ ಬಿಸಿಯಾದ ಕೂಡಲೇ ತಾನೇ ಇಳಿಸಿಕೊಂಡು ಆಮೇಲೆ ಮಂಕಾಗಿ ಉರಿಯುತ್ತದೆ. ಎಫ್‌ಎಲ್ 1 ಮಾನದಂಡದಲ್ಲೂ ಬೆಳಕು ಮೊದಲಿನ ಹತ್ತನೇ ಒಂದು ಪಾಲಿಗೆ ಇಳಿಯುವವರೆಗೆ ಗಂಟೆ ಎಣಿಸುತ್ತಾರೆ. ತೋಟದ ದಾರಿಗೆ 100, 150 ಲ್ಯೂಮೆನ್ ಸಾಕು. ನಾನು ದಿನಾ ನಡೆಯುವುದು ಅದರಲ್ಲೇ. ದೊಡ್ಡ ಬೆಳಕು ಬೇಕಾದಾಗ ಅರ್ಧ ನಿಮಿಷ.

ನೀರು ತಡೆಯುವುದಕ್ಕೆ ಐಪಿಎಕ್ಸ್ 4 ಅಂದರೆ ಹನಿ ಸಿಡಿತಕ್ಕೆ ಮಾತ್ರ. ಆಗುಂಬೆ ಕಡೆಯ ಮಳೆಗೆ ಅದು ಏನೇನೂ ಸಾಲದು. ಐಪಿಎಕ್ಸ್ 7 ಆದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೆಯುತ್ತದೆ, ಅಷ್ಟಾದರೂ ಇರಲಿ. ಆದರೆ ಇದೆಲ್ಲ ನಿಂತಿರುವುದು ಹಿಂದಿನ ಮುಚ್ಚಳದ ಒಳಗಿರುವ ಸಣ್ಣ ರಬ್ಬರ್ ರಿಂಗಿನ ಮೇಲೆ. ಅದು ಒಣಗಿ ಬಿರಿದರೆ ನೀರು ಒಳಗೆ. ಮೇ ಕೊನೆಯಲ್ಲಿ, ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಪಂಪ್ ತೊಳೆದಿಡುವ ಹೊತ್ತಿಗೆ, ನಾನು ಟಾರ್ಚಿನ ಆ ರಿಂಗಿಗೂ ಸಿಲಿಕೋನ್ ಗ್ರೀಸ್ ಸವರುತ್ತೇನೆ. ಚಾರ್ಜಿಂಗ್ ಬಾಯಿಗೆ ರಬ್ಬರ್ ಮುಚ್ಚಳ ಗಟ್ಟಿ ಕೂರಬೇಕು. ಟೈಪ್ ಸಿ ಇದ್ದರೆ ಫೋನಿನ ಚಾರ್ಜರಿನಲ್ಲೇ ನಡೆಯುತ್ತದೆ, ಪವರ್ ಬ್ಯಾಂಕಿನಲ್ಲೂ. ಒಂದು ಸಣ್ಣ ತೊಡಕು: ಕೆಲವು ಅಗ್ಗದ ಟಾರ್ಚುಗಳು ಎರಡೂ ಕಡೆ ಟೈಪ್ ಸಿ ಇರುವ ಕೇಬಲ್ಲಿನಲ್ಲಿ ಚಾರ್ಜ್ ಆಗುವುದಿಲ್ಲ. ಹಳೇ ಚೌಕ ಯುಎಸ್‌ಬಿ ಕೇಬಲ್ ಹಾಕಿ ನೋಡಿ, ಆಗುತ್ತದೆ. ಕೆಟ್ಟಿದೆ ಅಂತ ಎಸೆಯಬೇಡಿ.

ಸ್ವಿಚ್ಚು ಕೆಸರು ಕೈಯಲ್ಲಿ, ನೋಡದೆ, ಒಂದೇ ಬೆರಳಿಗೆ ಸಿಗಬೇಕು. ಒತ್ತಿದ ಕೂಡಲೇ ಮಿಣಕ್ ಮಿಣಕ್ ಅನ್ನುವ ಸ್ಟ್ರೋಬ್ ಬರುವ ಟಾರ್ಚ್ ದಯವಿಟ್ಟು ತಗೋಬೇಡಿ. ಸಂಕದ ನಡುವೆ, ಪಾಚಿ ಹಿಡಿದ ಅಡಿಕೆ ದಬ್ಬೆಯ ಮೇಲೆ ನಿಂತಾಗ ಅದು ಶುರುವಾದರೆ ಕಾಲು ಎಲ್ಲಿಡಬೇಕು ಗೊತ್ತಾಗುವುದಿಲ್ಲ. ನನಗೆ ಆಗಿದೆ. ಚೀಲದಲ್ಲಿಟ್ಟಾಗ ತಾನೇ ಹತ್ತಿಕೊಂಡು ಬಿಸಿಯಾಗದ ಹಾಗೆ ಹಿಂದಿನ ಮುಚ್ಚಳ ಕಾಲು ಸುತ್ತು ಸಡಿಲ ಮಾಡಿಡಿ, ಬಹಳಷ್ಟು ಲೋಹದ ಟಾರ್ಚಿನಲ್ಲಿ ಇದು ನಡೆಯುತ್ತದೆ. ಮಳೆಯಲ್ಲಿ ಮಾತ್ರ ಬಿಗಿ ಮಾಡಿಕೊಳ್ಳಬೇಕು.

ತಲೆಗೆ ಕಟ್ಟುವ ಲೈಟ್ ಬೇಕಾ ಅಂತ ಕೆಲವರು ಕೇಳುತ್ತಾರೆ. ಕೈ ಎರಡೂ ಕೆಲಸಕ್ಕೆ ಬೇಕಾದಾಗ ಬೇಕು. ಸುಳ್ಯ, ಪುತ್ತೂರು ಕಡೆ ರಬ್ಬರ್ ಟ್ಯಾಪಿಂಗ್ ಮಾಡುವವರು ಬೆಳಗಿನ ಜಾವ ಅದನ್ನು ಕಟ್ಟಿಕೊಂಡೇ ಮರದಿಂದ ಮರಕ್ಕೆ ಹೋಗುವುದು. ನಾನೂ ಪೈಪ್ ಜೋಡಿಸುವಾಗ, ಕಾಲಿನ ಇಂಬಳ ಕೀಳುವಾಗ ಕಟ್ಟುತ್ತೇನೆ. ಆದರೆ ಮಂಜಿನಲ್ಲಿ, ಜಡಿಮಳೆಯಲ್ಲಿ ಅದು ಬೇಡ. ಬೆಳಕು ಕಣ್ಣಿನ ಪಕ್ಕದಲ್ಲೇ ಇರುವುದರಿಂದ ಮುಂದೆ ಬರೀ ಬಿಳಿ ಗೋಡೆ ಕಾಣುತ್ತದೆ. ಅಂಥ ಹೊತ್ತಲ್ಲಿ ಕೈ ಟಾರ್ಚನ್ನು ಸೊಂಟಕ್ಕಿಂತ ಕೆಳಗೆ ಹಿಡಿದು ನಡೆದರೆ ದಾರಿ ಚೆನ್ನಾಗಿ ತೆರೆದುಕೊಳ್ಳುತ್ತದೆ.

ಕೊನೆಗೆ ನಾನು ತಗೊಂಡದ್ದು ಒಂದೇ ಸೆಲ್ಲಿನ, ಲೋಹದ, 4000 ಕೆಲ್ವಿನ್ ಟಾರ್ಚ್. ಸೆಲ್ ಎರಡು ಸೇರಿ 2,400 ರೂಪಾಯಿ ಆಯಿತು. ಕಾನ್ವಾಯ್ ಎಸ್2 ಪ್ಲಸ್ ತರದ ಸಾದಾ ಟಾರ್ಚುಗಳಲ್ಲಿ ಎಲ್‌ಇಡಿಯ ಬಣ್ಣ ನಾವೇ ಆರಿಸಿಕೊಳ್ಳಬಹುದು, ಹುಡುಕುವವರು ಅಲ್ಲಿಂದ ಶುರು ಮಾಡಿ. ಅಪ್ಪಯ್ಯನಿಗೆ ಮೊದಲು ಇಷ್ಟವಾಗಲಿಲ್ಲ. "ಇಷ್ಟು ಸಣ್ಣದಕ್ಕೆ ಇಷ್ಟು ದುಡ್ಡಾ" ಅಂದಿದ್ದರು. ಈಗ ಸಂಜೆ ಕೊಟ್ಟಿಗೆಗೆ ಹೋಗುವಾಗ ಅದನ್ನೇ ಹುಡುಕುತ್ತಾರೆ, ಹಾಗಾಗಿ ಈ ವಾರ ಅವರಿಗೂ ಒಂದು ತರಿಸಿದೆ. ಎರಡೂ ಬಾಗಿಲ ಪಕ್ಕದ ಗೂಟದಲ್ಲಿ ಕೊಪ್ಪೆಯ ಜೊತೆ ನೇತಾಡುತ್ತಿವೆ. ಸೆಲ್ಲುಗಳ ಮೇಲೆ ತಗೊಂಡ ತಿಂಗಳು, ವರ್ಷ ಮಾರ್ಕರಿನಲ್ಲಿ ಬರೆದಿದ್ದೇನೆ.